ಕೋಚ್‌ಗೆ ಕೋಚ್ ಯಾರು?

(ಬೌದ್ಧಿಕ ನ್ಯೂನತೆ ಇರುವ ಕ್ರೀಡಾಪಟುಗಳ ತರಬೇತುದಾರರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಮೈದಾನಕ್ಕೇ ಹೋಗೋಣ.

ಹೊಸದಾಗಿ ಬಂದ ಕೋಚ್ ಒಬ್ಬರು ಸೀಟಿ ಊದಿ ಹೇಳುತ್ತಾರೆ: "ಆ ಕೋನ್ ಸುತ್ತಿಕೊಂಡು ಬಾ, ಬರ್ತಾ ಚೆಂಡು ತಗೊ, ಕೆಂಪು ಅಂಗಿಯವನಿಗೆ ಪಾಸ್ ಕೊಡು, ಎಡಗಾಲಲ್ಲಿ ಹೊಡೀಬೇಡ. ಗೊತ್ತಾಯ್ತಾ?" ಆಟಗಾರ ತಲೆಯಾಡಿಸುತ್ತಾನೆ, "ಗೊತ್ತಾಯ್ತು." ಓಡುತ್ತಾನೆ, ಕೋನ್ ಹತ್ತಿರ ನಿಂತು ಹಿಂತಿರುಗಿ ನೋಡುತ್ತಾನೆ, ಚೆಂಡು ಸಿಕ್ಕಿದ್ದೇ ತಡ ಎಡಗಾಲಲ್ಲಿ ಹೊಡೆಯುತ್ತಾನೆ. ಕೋಚ್ ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳುತ್ತಾರೆ.

ಎಡವಟ್ಟಾದದ್ದು ಎಲ್ಲಿ? ಒಂದೇ ಉಸಿರಿಗೆ ನಾಲ್ಕು ಸೂಚನೆ ಕೊಟ್ಟದ್ದು ಮೊದಲನೆಯದು. ಕೊನೆಯ ಸೂಚನೆ 'ಬೇಡ' ಎಂದು ಮುಗಿದದ್ದು ಎರಡನೆಯದು. ಕನ್ನಡದಲ್ಲಿ ನಿಷೇಧ ಬರುವುದೇ ವಾಕ್ಯದ ತುದಿಯಲ್ಲಿ. ಅದು ಬರುವಷ್ಟರಲ್ಲಿ ಕೇಳುವವನ ತಲೆಯಲ್ಲಿ ಎಡಗಾಲು ಕೂತಾಗಿರುತ್ತದೆ. "ಬಲಗಾಲಲ್ಲಿ ಹೊಡಿ" ಎಂದಿದ್ದರೆ ಮುಗಿಯುತ್ತಿತ್ತು. ಇನ್ನು "ಗೊತ್ತಾಯ್ತಾ" ಎಂಬ ಪ್ರಶ್ನೆ. ಬೌದ್ಧಿಕ ನ್ಯೂನತೆ ಇರುವ ಅನೇಕರು ಎದುರಿಗಿರುವವರಿಗೆ ಬೇಸರವಾಗದಿರಲಿ ಎಂದು ಹೌದು ಅನ್ನುತ್ತಾರೆ. ಅದು ಸುಳ್ಳಲ್ಲ, ವರ್ಷಗಟ್ಟಲೆ ಬೈಸಿಕೊಂಡು ಕಲಿತ ಉಪಾಯ. "ಗೊತ್ತಾಯ್ತಾ" ಎನ್ನುವ ಜಾಗದಲ್ಲಿ "ಮಾಡಿ ತೋರಿಸು" ಎನ್ನಬೇಕು. ದನಿ ಏರಿಸಿದ್ದರಿಂದ ಕೆಡುಕಾಗದೆ ಉಳಿದಿದ್ದರೆ ಅದು ಅದೃಷ್ಟ, ಅಷ್ಟೆ.

ಆ ಕೋಚ್‌ಗೆ ಆಟ ಚೆನ್ನಾಗಿ ಗೊತ್ತು, ಮನಸ್ಸೂ ಒಳ್ಳೆಯದು. ಅವರು ಕಲಿಸಿದ್ದು ತಮ್ಮ ಕೋಚ್ ತಮಗೆ ಕಲಿಸಿದ ಹಾಗೆ. ಈ ಕ್ಷೇತ್ರಕ್ಕೆ ಬರುವ ಬಹುತೇಕರ ಬಂಡವಾಳ ಅದೇ. ಅದರ ಮೇಲೆ ಏನು ಕಟ್ಟಬೇಕು, ಯಾರ ಕೈಯಿಂದ ಕಟ್ಟಿಸಿಕೊಳ್ಳಬೇಕು ಎನ್ನುವುದು ಇವತ್ತಿನ ವಿಷಯ.

ಕಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುವ ರೂಢಿಯಿದೆ. ಪ್ರಮಾಣಪತ್ರ ಸಿಗುವ ಕೋರ್ಸ್ ಒಂದು; ಒಂದೆರಡು ದಿನದ ಕಾರ್ಯಾಗಾರ ಇನ್ನೊಂದು; ಮೈದಾನದಲ್ಲಿ ಮಾಡುತ್ತಾ, ನೋಡುತ್ತಾ, ಕೇಳುತ್ತಾ ಕಲಿಯುವುದು ಮೂರನೆಯದು. ಕೋರ್ಸುಗಳು ನಿಯಮ, ಸುರಕ್ಷತೆ, ಅರ್ಹತೆಯ ವಿಚಾರಗಳನ್ನು ಚೆನ್ನಾಗಿ ಹೇಳಿಕೊಡುತ್ತವೆ. ಆದರೆ ನಿಮ್ಮ ತಂಡದ ಹದಿನಾಲ್ಕು ಜನರಲ್ಲಿ ಒಬ್ಬಳು ಸೀಟಿ ಸದ್ದಿಗೆ ಕಿವಿ ಮುಚ್ಚಿಕೊಂಡು ಕೂರುತ್ತಾಳೆ, ಇನ್ನೊಬ್ಬ ಓಟದ ಕೊನೆಯ ಗೆರೆಯಲ್ಲಿ ಗೆಳೆಯನಿಗಾಗಿ ನಿಂತು ಕಾಯುತ್ತಾನೆ. ಇವೆರಡಕ್ಕೂ ಕೋರ್ಸಿನ ಪುಸ್ತಕದಲ್ಲಿ ಉತ್ತರವಿಲ್ಲ. ಆದ್ದರಿಂದ ಈ ಕೋಚ್‌ಗಳು ಕಲಿಯುವುದರಲ್ಲಿ ದೊಡ್ಡ ಪಾಲು ಮೂರನೆಯ ಬಗೆಯದೇ. ಅದರಲ್ಲಿರುವ ಅಪಾಯವೂ ಅದೇ. ತಪ್ಪನ್ನು ತೋರಿಸುವವರು ಪಕ್ಕದಲ್ಲಿಲ್ಲದಿದ್ದರೆ ಹತ್ತು ವರ್ಷದ ಅನುಭವ ಅನ್ನುವುದು ಒಂದೇ ವರ್ಷವನ್ನು ಹತ್ತು ಸಲ ಮಾಡಿದ್ದಾಗಿಬಿಡುತ್ತದೆ.

ಹಾಗಾದರೆ ಮಾರ್ಗದರ್ಶಕರು ಎಲ್ಲಿದ್ದಾರೆ? ಸಾಮಾನ್ಯ ಅಥ್ಲೆಟಿಕ್ಸ್‌ನಲ್ಲಿ ಹಿರಿಯ ಕೋಚ್ ಪಕ್ಕದ ಟ್ರ್ಯಾಕ್‌ನಲ್ಲೇ ಸಿಗುತ್ತಾರೆ. ಇಲ್ಲಿ ಹಾಗಲ್ಲ. ಹೆಚ್ಚಿನವರು ಸ್ವಯಂಸೇವಕರು, ತಂದೆತಾಯಿ, ವಿಶೇಷ ಶಿಕ್ಷಕರು. ಒಬ್ಬರಿಂದ ಒಬ್ಬರು ದೂರ. ಮೇಲ್ಮಟ್ಟದ ಸ್ಪರ್ಧೆಯ ಕಥೆಯೂ ಸ್ವಲ್ಪ ವಿಚಿತ್ರವೇ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಪೇನ್ ಬಾಸ್ಕೆಟ್‌ಬಾಲ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಬೌದ್ಧಿಕ ನ್ಯೂನತೆಯೇ ಇರಲಿಲ್ಲ ಎಂದು ಆಮೇಲೆ ಬಯಲಾಯಿತು. ಆ ಹಗರಣದಿಂದಾಗಿ ಬೌದ್ಧಿಕ ನ್ಯೂನತೆಯ ವಿಭಾಗವನ್ನೇ ಪ್ಯಾರಾಲಿಂಪಿಕ್ಸ್‌ನಿಂದ ಕೈಬಿಟ್ಟರು. ಮರಳಿ ಸೇರಿದ್ದು 2012ರ ಲಂಡನ್ ಕೂಟದಲ್ಲಿ, ಅದೂ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್ ಮೂರರಲ್ಲಿ ಮಾತ್ರ. ಮೋಸ ಮಾಡಿದವರು ಯಾರೋ, ಬಾಗಿಲು ಮುಚ್ಚಿದ್ದು ಎಲ್ಲರಿಗೂ. ಆ ಮಟ್ಟದಲ್ಲಿ ಕೈಪಳಗಿದ ಕೋಚ್‌ಗಳು ಇವತ್ತಿಗೂ ಎಣಿಕೆಗೆ ಸಿಗುವಷ್ಟೇ ಇರುವುದಕ್ಕೆ ಆ ಹನ್ನೆರಡು ವರ್ಷದ ಕಂದಕವೂ ಒಂದು ಕಾರಣ ಎಂದು ನಮ್ಮ ಎಣಿಕೆ.

ಆದ್ದರಿಂದ ಎಲ್ಲ ಬಲ್ಲ ಒಬ್ಬ ಗುರು ಸಿಕ್ಕಾನು ಎಂದು ಕಾಯುತ್ತಾ ಕೂರಬೇಡಿ. ಜ್ಞಾನ ಇಲ್ಲಿ ನಾಲ್ಕೈದು ಮಂದಿಯಲ್ಲಿ ಹಂಚಿಹೋಗಿದೆ. ಯಾರ ಹತ್ತಿರ ಏನಿದೆ ಎಂದು ತಿಳಿದು, ಅವರವರಿಗೆ ಸಲ್ಲುವ ಪ್ರಶ್ನೆಯನ್ನು ಅವರವರಿಗೆ ಕೇಳಬೇಕು. ನಮ್ಮ ಮಾತಿನ ಸಾರ ಇಷ್ಟೇ. ಉಳಿದದ್ದೆಲ್ಲ ಇದನ್ನು ಮಾಡುವುದು ಹೇಗೆ ಎಂಬ ವಿವರ.

ಗುಂಡು ಎಸೆತವನ್ನು ತೆಗೆದುಕೊಳ್ಳಿ. ಕೋಚ್ ಆಟಗಾರನ ಎದುರು ನಿಂತು ಗುಂಡನ್ನು ಬಲಗೈಯಲ್ಲಿ ಹಿಡಿದು, ಕುತ್ತಿಗೆಗೆ ಒತ್ತಿ ತೋರಿಸುತ್ತಾರೆ. ಆಟಗಾರ ಎಡಗೈಯಲ್ಲಿ ಹಿಡಿದು ಎಡ ಕುತ್ತಿಗೆಗೆ ಒತ್ತುತ್ತಾನೆ. "ಬಲಗೈ, ಬಲಗೈ" ಎಂದು ಕೋಚ್ ತಮ್ಮ ಬಲಗೈ ಎತ್ತಿ ತೋರಿಸುತ್ತಾರೆ. ಅವನ ಎಡಗೈ ಮತ್ತಷ್ಟು ಮೇಲೇರುತ್ತದೆ. ಅವನು ಮಾಡುತ್ತಿರುವುದು ಸರಿಯಾಗೇ ಇದೆ: ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಮಾಡುತ್ತಿದ್ದಾನೆ. ಕೋಚ್ ಅವನ ಪಕ್ಕಕ್ಕೆ ಬಂದು, ಅವನು ನೋಡುವ ದಿಕ್ಕಿಗೇ ಮುಖ ಮಾಡಿ ನಿಂತರೆ ಸಮಸ್ಯೆ ಅಲ್ಲಿಗೇ ಮುಗಿಯಿತು. ಬೇಲಿಯಾಚೆ ನಿಂತ ಇನ್ನೊಬ್ಬ ಕೋಚ್‌ಗೆ ಇದು ಒಂದು ನಿಮಿಷದಲ್ಲಿ ಕಾಣುತ್ತದೆ. ಒಳಗಿರುವವರಿಗೆ ಒಂದು ಸೀಸನ್ ಕಳೆದರೂ ಕಾಣದೆ ಹೋಗಬಹುದು. ನೋಡುವ ಇನ್ನೊಂದು ಜೊತೆ ಕಣ್ಣು ಬೇಕು ಎನ್ನುವುದು ಇದಕ್ಕೇ.

ಈಗ ಕೈ ಸರಿಹೋಯಿತು, ಆದರೆ ಅವನು ಗುಂಡನ್ನು ಕ್ರಿಕೆಟ್ ಚೆಂಡಿನ ಹಾಗೆ ಬೀಸಿ ಎಸೆಯುತ್ತಾನೆ. ಗುಂಡು ಕುತ್ತಿಗೆ ಬಿಟ್ಟು ಹಿಂದೆ ಸರಿಯುತ್ತದೆ, ಮೊಣಕೈ ಕೆಳಗೆ ಬೀಳುತ್ತದೆ. ಇದು ಫೌಲ್ ಕೂಡ, ಭುಜ ಮೊಣಕೈಗಳಿಗೆ ಪೆಟ್ಟು ಕೂಡ. ಇಲ್ಲಿ ಮೊದಲು ಕೇಳಬೇಕಾದ್ದು ಅಥ್ಲೆಟಿಕ್ಸ್ ಕೋಚನ್ನು. ಅವರಿಗೆ ನ್ಯೂನತೆಯ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ಗುಂಡು ಅಂಗೈಯಲ್ಲಲ್ಲ, ಬೆರಳ ಬುಡದಲ್ಲಿ ಕೂರಬೇಕು. ಮೊಣಕೈ ಮೇಲೆದ್ದು ಗುಂಡಿನ ಹಿಂದೆಯೇ ಇರಬೇಕು. ಅದು ಎಸೆತವಲ್ಲ, ನೂಕು ಎಂದು ಅವರು ಹೇಳುತ್ತಾರೆ. ಅಷ್ಟು ಸಾಕು. ಇಲ್ಲಿಂದ ಮುಂದೆ ವಿಶೇಷ ಶಿಕ್ಷಕರ ಹತ್ತಿರ ಹೋಗಿ. ಗುಂಡಿನ ತೂಕ ಅವರಿಗೆ ಗೊತ್ತಿಲ್ಲದಿರಬಹುದು, ಆದರೆ ಒಂದು ಕೆಲಸವನ್ನು ತುಂಡು ತುಂಡಾಗಿ ಬಿಡಿಸುವುದು ಅವರ ದಿನನಿತ್ಯದ ಕಸುಬು. ಕೊನೆಯ ತುಂಡಿನಿಂದ ಶುರು ಮಾಡಿ ಎಂದು ಅವರು ಹೇಳಿಯಾರು: ಗುಂಡನ್ನು ನೀವೇ ಅವನ ಕುತ್ತಿಗೆಯ ಬಳಿ ಸರಿಯಾಗಿ ಇಡಿ, ಮೊಣಕೈ ಎತ್ತಿ ಹಿಡಿಯಿರಿ, ಅವನು ಬರೀ ನೂಕಲಿ. ಅದು ಬಂದ ಮೇಲೆ ಮೊಣಕೈ ಎತ್ತುವುದು ಅವನ ಪಾಲಿಗೆ, ಆಮೇಲೆ ಗುಂಡು ಇಡುವುದೂ ಅವನ ಪಾಲಿಗೆ. ಹೀಗೆ ಮಾಡಿದರೆ ಪ್ರತಿ ಪ್ರಯತ್ನವೂ ಗುಂಡು ಹಾರಿ ಬೀಳುವುದರಲ್ಲೇ ಮುಗಿಯುತ್ತದೆ, ಅರ್ಧಕ್ಕೆ ನಿಲ್ಲುವುದಿಲ್ಲ. ಒಂದೇ ಗುಂಡಿಗೆ ಇಬ್ಬರು ಗುರುಗಳು. ಅಭ್ಯಾಸಕ್ಕೆ ಮೊದಲು ಮೆತ್ತನೆಯ ಚೆಂಡು ಬಳಸಿ. ಕಬ್ಬಿಣ ಕಾಲ ಮೇಲೆ ಬಿದ್ದರೆ ಆಟಗಾರ ಮತ್ತೆ ಆ ವೃತ್ತದ ಹತ್ತಿರ ಬರಲಾರ.

ನೆರವಿನ ಮೆಟ್ಟಿಲುಗಳನ್ನೂ ವಿಶೇಷ ಶಿಕ್ಷಕರಿಂದಲೇ ಕಲಿಯಬೇಕು. ಕೈ ಹಿಡಿದು ಮಾಡಿಸುವುದು ಎಲ್ಲಕ್ಕಿಂತ ಹೆಚ್ಚಿನ ನೆರವು. ಅದಕ್ಕಿಂತ ಕಡಿಮೆ, ಎರಡು ಬೆರಳಲ್ಲಿ ಮೊಣಕೈ ಮುಟ್ಟುವುದು. ಮುಟ್ಟುವ ಮೊದಲು "ಮುಟ್ಟಲಾ?" ಎಂದು ಕೇಳಿಯೇ ಮುಟ್ಟಬೇಕು. ಆಮೇಲೆ ಮಾಡಿ ತೋರಿಸುವುದು, ಕೊನೆಗೆ ಬರೀ ಒಂದು ಪದ: "ಮೊಣಕೈ." ಇಳಿಯುವ ಲೆಕ್ಕ ಸುಲಭ. ನಾಲ್ಕರಲ್ಲಿ ಮೂರು ಸಲ ಸರಿ ಬಂದರೆ ಒಂದು ಮೆಟ್ಟಿಲು ನೆರವು ಕಡಿಮೆ ಮಾಡಿ, ಸತತ ಎರಡು ಸಲ ತಪ್ಪಿದರೆ ಒಂದು ಮೆಟ್ಟಿಲು ಹೆಚ್ಚಿಸಿ. ಸೂಚನೆ ಕೊಟ್ಟ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ, ಕೆಲವರಿಗೆ ಹತ್ತು. ಮೂರು ಎಣಿಸುವಷ್ಟರಲ್ಲೇ ಇನ್ನೊಂದು ಸೂಚನೆ ಕೊಟ್ಟರೆ ಮೊದಲನೆಯದನ್ನು ಅರಗಿಸಿಕೊಳ್ಳುತ್ತಿದ್ದವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಹೊಸ ಕೋಚ್‌ಗಳಿಗೆ ಆ ಐದು ಸೆಕೆಂಡ್ ಮೌನದಷ್ಟು ಕಷ್ಟದ್ದು ಇನ್ನೊಂದಿಲ್ಲ.

ಮೂರನೆಯ ಗುರು ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್. ಇಲ್ಲಿ ಊಹೆ ಮಾಡಿಕೊಂಡು ಕಲಿಯುವ ಹಾಗಿಲ್ಲ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ವರ್ಣತಂತು ವ್ಯತ್ಯಾಸ) ಇರುವ ಕೆಲವರಲ್ಲಿ ಕತ್ತಿನ ಮೊದಲ ಎರಡು ಕಶೇರುಗಳ ನಡುವಿನ ಕಟ್ಟು ಸಡಿಲವಾಗಿರುತ್ತದೆ. ಕತ್ತು ರಭಸವಾಗಿ ಮಡಚಿದರೆ ಬೆನ್ನುಹುರಿಗೆ ಒತ್ತಡ ಬೀಳಬಹುದು. ಡೈವ್ ಹೊಡೆಯುವ ಸ್ಟಾರ್ಟ್, ಲಾಗ ಹಾಕುವುದು, ಹೈಜಂಪ್‌ಗಳಂಥವನ್ನು ಕಲಿಸುವ ಮೊದಲೇ ಈ ಆಟಗಾರನಿಗೆ ಇದು ಸರಿಯೇ ಎಂದು ವೈದ್ಯರನ್ನು ಕೇಳಬೇಕು. ನಡಿಗೆ ಬದಲಾಗುವುದು, ಕತ್ತು ನೋವು, ತಲೆ ಒಂದು ಕಡೆ ವಾಲಿಸುವುದು, ಕೈಕಾಲಲ್ಲಿ ಬಲ ಕಡಿಮೆಯಾಗುವುದು, ಹೊಸದಾಗಿ ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಅಭ್ಯಾಸ ಆ ಕ್ಷಣವೇ ನಿಲ್ಲಬೇಕು.

ಇದೇ ಗುಂಪಿನ ಇನ್ನೊಂದು ವಿಷಯ ಹೆಚ್ಚಿನ ಕೋಚ್‌ಗಳಿಗೆ ಗೊತ್ತೇ ಇರುವುದಿಲ್ಲ. 220ರಿಂದ ವಯಸ್ಸು ಕಳೆದು ಗರಿಷ್ಠ ಹೃದಯ ಬಡಿತ ಲೆಕ್ಕ ಹಾಕುವ ಸೂತ್ರ ಡೌನ್ ಸಿಂಡ್ರೋಮ್ ಇರುವವರಿಗೆ ಹೊಂದುವುದಿಲ್ಲ. ಅವರ ಗರಿಷ್ಠ ಬಡಿತ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕಡಿಮೆ. ಸೂತ್ರ ನಂಬಿದ ಕೋಚ್ ಬಡಿತ ತೋರಿಸುವ ಗಡಿಯಾರ ನೋಡಿ "ಇನ್ನೂ ಏರಿಲ್ಲ, ಸೋಮಾರಿತನ" ಎನ್ನುತ್ತಾರೆ. ಆ ಹೊತ್ತಿಗೆ ಆಟಗಾರ್ತಿ ತನ್ನ ಮಿತಿಯಲ್ಲಿರುತ್ತಾಳೆ. ಬಡಿತ ಬಿಟ್ಟು ಉಸಿರು ನೋಡಿ: ಓಡುತ್ತಾ ಒಂದು ಪೂರ್ತಿ ವಾಕ್ಯ ಆಡಬಲ್ಲಳೇ, ಎರಡೇ ಪದವೇ, ಮಾತೇ ಹೊರಡುತ್ತಿಲ್ಲವೇ? ಮೂರ್ಛೆರೋಗಕ್ಕೋ ಮನಸ್ಸಿನ ತೊಂದರೆಗೋ ಔಷಧಿ ತೆಗೆದುಕೊಳ್ಳುವವರಿದ್ದರೆ ಯಾವ ಹೊತ್ತಿಗೆ ತೂಕಡಿಕೆ, ಬಿಸಿಲು ಎಷ್ಟು ತಡೆಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸೆಳವು ಬಂದರೆ ಸಮಯ ನೋಡಿಕೊಳ್ಳಿ, ತಲೆಗೆ ಪೆಟ್ಟಾಗದಂತೆ ಮೆತ್ತನೆಯದೇನಾದರೂ ಇಡಿ, ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಅದುಮಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ ತುರ್ತು ನೆರವಿಗೆ ಕರೆ ಮಾಡಿ. ಇದನ್ನು ಓದಿ ಕಲಿತರೆ ಸಾಲದು. ಫಿಸಿಯೋ ಎದುರು ಒಮ್ಮೆ ಮಾಡಿ ತೋರಿಸಿ.

ಮನೆಯವರ ಬಗ್ಗೆ ಬಹಳ ಹೇಳಬೇಕಿಲ್ಲ. ಆದರೆ ಅವರನ್ನು ಕೇಳುವ ಪ್ರಶ್ನೆ ಮಾತ್ರ ಹೆಚ್ಚಾಗಿ ತಪ್ಪಿರುತ್ತದೆ. "ಇವನಿಗೆ ಏನು ತೊಂದರೆ?" ಎಂದರೆ ವೈದ್ಯರ ಹಳೆಯ ಚೀಟಿ ಕೈಗೆ ಬರುತ್ತದೆ. "ಸಿಟ್ಟು ಬರುವ ಮೊದಲು ಮುಖದಲ್ಲಿ ಏನು ಕಾಣುತ್ತದೆ? ಮನೆಯಲ್ಲಿ ಹೊಸ ಕೆಲಸ ಹೇಗೆ ಕಲಿಸಿದಿರಿ? 'ನಿಲ್ಲು' ಎನ್ನಲು ಯಾವ ಪದ ಬಳಸುತ್ತೀರಿ?" ಎಂದು ಕೇಳಿ. ಮನೆಯಲ್ಲಿ "ಸಾಕು" ಎಂದರೆ ನಿಲ್ಲುವವನಿಗೆ ಮೈದಾನದಲ್ಲಿ ನೀವು "ಸ್ಟಾಪ್" ಎಂದು ಕೂಗುತ್ತಿದ್ದರೆ ಅವನು ಮಾತು ಕೇಳುವುದಿಲ್ಲ ಎಂಬ ದೂರಿಗೆ ಅರ್ಥವಿಲ್ಲ.

ಇನ್ನು ಮಾರ್ಗದರ್ಶಕರ ಹತ್ತಿರ ಹೋಗುವ ಬಗೆ. "ನನಗೆ ಗೈಡ್ ಮಾಡಿ ಸಾರ್" ಎಂದರೆ ಯಾರಾದರೂ ಹೂಂ ಎನ್ನುತ್ತಾರೆ, ಆಮೇಲೆ ಇಬ್ಬರೂ ಮರೆಯುತ್ತಾರೆ. ಕೇಳುವುದು ಚಿಕ್ಕದಾಗಿರಲಿ, ಮುಗಿಯುವಂಥದ್ದಾಗಿರಲಿ: "ರಿಲೇ ಬ್ಯಾಟನ್ ಬದಲಾವಣೆಯಲ್ಲಿ ನಮ್ಮ ಹುಡುಗಿ ನಿಂತೇ ಬ್ಯಾಟನ್ ತಗೊಳ್ತಾಳೆ, ಓಡ್ತಾ ತಗೊಳ್ಳಲ್ಲ. ನಿಮ್ಮ ಅಭ್ಯಾಸ ಮೂರು ಸಲ ಬಂದು ನೋಡಬಹುದಾ?" ಮೊದಲ ಸಲ ಬರೀ ನೋಡಿ, ಬಾಯಿ ಹಾಕಬೇಡಿ, ಮೊಬೈಲ್ ಹೊರಗೆ ತೆಗೆಯಬೇಡಿ. ಎರಡನೆಯ ಸಲ ಒಂದೇ ಒಂದು ಸಂಗತಿಯನ್ನು ಎಣಿಸಿ. ಇಪ್ಪತ್ತು ನಿಮಿಷದಲ್ಲಿ ಆ ಕೋಚ್ ಎಷ್ಟು ಸೂಚನೆ ಕೊಟ್ಟರು, ಒಂದೊಂದರಲ್ಲಿ ಎಷ್ಟು ಪದ, ಮಾತಿಲ್ಲದೆ ಬರೀ ತೋರಿಸಿದ್ದು ಎಷ್ಟು ಸಲ, ಇವುಗಳಲ್ಲಿ ಒಂದನ್ನು ಮಾತ್ರ. ಎಲ್ಲವನ್ನೂ ನೋಡಲು ಹೊರಟವರು ಮನೆಗೆ ಬರುವಾಗ "ತುಂಬಾ ಚೆನ್ನಾಗಿತ್ತು" ಎಂಬುದೊಂದನ್ನೇ ತರುತ್ತಾರೆ. ಮೂರನೆಯ ಸಲ ಹತ್ತು ನಿಮಿಷ ನೀವು ಕಲಿಸಿ, ಅವರು ನೋಡಲಿ.

ಆಮೇಲಿನ ಹರಟೆಯಲ್ಲೇ ಅಸಲಿ ಕಲಿಕೆ ಇರುವುದು. ಅದು ಅದೇ ದಿನ, ಸಾಧ್ಯವಾದರೆ ಮೈದಾನದ ಅಂಚಿನಲ್ಲೇ ಆಗಲಿ. ಒಳ್ಳೆಯ ಹಿರಿಯರು ತೀರ್ಪಿನಿಂದ ಶುರು ಮಾಡುವುದಿಲ್ಲ. "ಅವಳು ಎರಡನೇ ಸಲ ನಿಂತಾಗ ನೀವು ಏನು ನೋಡ್ತಿದ್ರಿ?" ಎನ್ನುತ್ತಾರೆ. ನೀವು ಬ್ಯಾಟನ್ ನೋಡುತ್ತಿದ್ದಿರಿ, ಅವರು ಅವಳ ಪಾದ ನೋಡುತ್ತಿದ್ದರು. ಓಡಲು ಶುರು ಮಾಡಬೇಕಾದ ಗುರುತು ನೆಲದ ಮೇಲೆ ಇಲ್ಲದ್ದರಿಂದ ಬ್ಯಾಟನ್ ಕೈ ಮುಟ್ಟುವುದನ್ನೇ ಅವಳು ಸ್ಟಾರ್ಟ್ ಎಂದುಕೊಂಡಿದ್ದಳು. ಬರುವವಳು ಆ ಹಳದಿ ಟೇಪು ದಾಟಿದ ಕೂಡಲೇ ಓಡು ಎಂದು ಒಂದು ಟೇಪು ಅಂಟಿಸಿದರೆ ಆಯಿತು. ಮೊದಮೊದಲು ಬರುವವಳನ್ನು ನಡೆಸಿಯೇ ಅಭ್ಯಾಸ ಮಾಡಿಸಿ, ವೇಗ ಆಮೇಲೆ.

ದೂರದಲ್ಲಿರುವ ಹಿರಿಯರಿಗೆ ವಿಡಿಯೋ ಕಳಿಸುವುದೂ ಆಗುತ್ತದೆ. ಆಟಗಾರ ಮತ್ತು ಮನೆಯವರ ಒಪ್ಪಿಗೆ ಮೊದಲು. ಕಳಿಸುವುದು ಒಬ್ಬರಿಗೇ ಹೊರತು ಗ್ರೂಪಿಗಲ್ಲ. ಮೂವತ್ತು ಸೆಕೆಂಡ್ ಸಾಕು, ಪಕ್ಕದಿಂದ, ಪಾದದಿಂದ ತಲೆಯವರೆಗೆ ಕಾಣುವ ಹಾಗೆ. ಸರಿಯಾದದ್ದು ಒಂದು, ತಪ್ಪಿದ್ದು ಎರಡು ಪ್ರಯತ್ನ ಇರಲಿ. ಧ್ವನಿ ತೆಗೆಯಬೇಡಿ. ಹೆಚ್ಚಿನ ಸಲ ತಪ್ಪು ಇರುವುದು ಆಟಗಾರನ ಕೈಕಾಲಲ್ಲಲ್ಲ, ಹಿಂದೆ ಕೇಳಿಸುವ ನಮ್ಮ ಮಾತಿನಲ್ಲಿ.

ಹಿರಿಯರು ಹೇಳಿದ್ದೆಲ್ಲ ಸರಿಯೇ? ಅಲ್ಲ. ಮೊದಲು ಅವರು ಯಾವ ಸ್ಪರ್ಧೆಯಲ್ಲಿ ಬೆಳೆದವರು ಎಂದು ನೋಡಿ. 1968ರ ಜುಲೈಯಲ್ಲಿ ಶಿಕಾಗೋದಲ್ಲಿ ಮೊದಲ ಅಂತಾರಾಷ್ಟ್ರೀಯ ಕೂಟ ನಡೆಸಿದ, ಬೌದ್ಧಿಕ ನ್ಯೂನತೆ ಇರುವವರಿಗಾಗಿಯೇ ಇರುವ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಗಳನ್ನು ವಯಸ್ಸು, ಲಿಂಗ, ಸಾಮರ್ಥ್ಯ ನೋಡಿ ಗುಂಪು ಮಾಡುತ್ತಾರೆ. ಒಂದು ಗುಂಪಿನ ಅತ್ಯುತ್ತಮ ಮತ್ತು ಕೊನೆಯ ಸಾಧನೆಯ ನಡುವಿನ ಅಂತರ ಸುಮಾರು ಶೇ. 15 ಮೀರದಿರಲಿ ಎನ್ನುವುದು ಮಾರ್ಗಸೂಚಿ. 100 ಮೀಟರನ್ನು 20 ಸೆಕೆಂಡಿನಲ್ಲಿ ಓಡುವವನ ಜೊತೆ 23 ಸೆಕೆಂಡಿನವನು ಇರಬಹುದು, 30ರವನು ಬೇರೆ ಗುಂಪು. ಆದ್ದರಿಂದ ಗುಂಪು ಮಾಡುವ ಪ್ರಾಥಮಿಕ ಸುತ್ತಿನಲ್ಲಿ ಪೂರ್ತಿ ಶಕ್ತಿ ಹಾಕಿ ಓಡಿಸುವುದು ಕೋಚ್‌ನ ಧರ್ಮ. ಪ್ಯಾರಾಲಿಂಪಿಕ್ಸ್‌ನಲ್ಲಿ ಹೀಗೆ ಗುಂಪು ಮಾಡುವುದಿಲ್ಲ. ಅರ್ಹತೆ ಸಾಬೀತಾದ ಮೇಲೆ ಎಲ್ಲರಿಗೂ ಒಂದೇ ವರ್ಗ. ಓಟಕ್ಕೆ ಟಿ20, ಈಜಿಗೆ ಎಸ್14. ಅಲ್ಲಿ ವೇಗ ಇದ್ದವನು ಗೆದ್ದ. ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮೊದಲಿನ ಸುತ್ತುಗಳಲ್ಲಿ, ಶಕ್ತಿ ಉಳಿಸು ಎಂಬ ಅಲ್ಲಿಯ ಜಾಣ ಸಲಹೆ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಮೋಸವಾಗುತ್ತದೆ: ಬೇಕೆಂದೇ ನಿಧಾನ ಓಡಿದವನು ಸುಲಭದ ಗುಂಪಿಗೆ ಸೇರಿಬಿಡುತ್ತಾನೆ.

ಇನ್ನು ನಡವಳಿಕೆ. ಮೂವತ್ತು ವರ್ಷದ ಆಟಗಾರ್ತಿಯನ್ನು "ಪುಟ್ಟಿ, ಬಾರೇ" ಎಂದು ಕರೆದು, ಅವಳ ಬಗ್ಗೆ ಅವಳ ಎದುರೇ ತಾಯಿಯ ಜೊತೆ ಮಾತಾಡುವ ಕೋಚ್ ಎಷ್ಟೇ ಹೆಸರು ಮಾಡಿದ್ದರೂ ನಮ್ಮ ಮಟ್ಟಿಗೆ ಗುರುವಲ್ಲ. ಇಂಥವರ ಪಕ್ಕದಲ್ಲಿ ಒಂದು ವರ್ಷ ನಿಂತರೆ ಕೌಶಲಕ್ಕಿಂತ ಮೊದಲು ಕನಿಕರ ಅಂಟಿಕೊಳ್ಳುತ್ತದೆ. ಕನಿಕರದ ಕೋಚ್ ನೆರವಿನ ಮೆಟ್ಟಿಲನ್ನು ಇಳಿಸುವುದೇ ಇಲ್ಲ. ಐದು ವರ್ಷವಾದರೂ ಆಟಗಾರ ಅವರ ಕೈ ಹಿಡಿದೇ ಸ್ಟಾರ್ಟಿಂಗ್ ಲೈನಿಗೆ ಬರುತ್ತಿರುತ್ತಾನೆ. ಮಾರ್ಗದರ್ಶಕರನ್ನು ಅಳೆಯಲು ಸುಲಭದ ದಾರಿ ಇದೇ: ಅವರ ಹಳೆಯ ಆಟಗಾರರು ಅವರಿಲ್ಲದ ದಿನ ವಾರ್ಮ್‌ಅಪ್ ತಾವೇ ಶುರು ಮಾಡುತ್ತಾರೆಯೇ ನೋಡಿ.

ಹಳೆಯ ಆಟಗಾರರ ಮಾತು ಬಂತು. ಅವರೂ ಗುರುಗಳೇ, ಆದರೆ ಅವರನ್ನು ಕೇಳುವವರು ಕಡಿಮೆ. ಇಪ್ಪತ್ತು ಕೋಚ್‌ಗಳ ಕೈಯಲ್ಲಿ ಆಡಿದ ಆಟಗಾರನಿಗೆ ಯಾರ ಮಾತು ತಿಳಿಯುತ್ತಿತ್ತು, ಯಾರದು ತಿಳಿಯುತ್ತಿರಲಿಲ್ಲ ಎನ್ನುವುದು ಚೆನ್ನಾಗಿ ಗೊತ್ತು. ಕೇಳುವಾಗ "ಇದಾ, ಅದಾ" ಎಂದು ಕೇಳಿದರೆ ಕೆಲವರು ಕೊನೆಯಲ್ಲಿ ಬಂದದ್ದನ್ನೇ ಹೇಳುತ್ತಾರೆ. ಆದ್ದರಿಂದ ಎರಡು ಚಿತ್ರ ಇಡಿ, ಅಥವಾ ಎರಡೂ ಬಗೆಯಲ್ಲಿ ಕಲಿಸಿ ತೋರಿಸಿ, ಬೇಕಾದ ಕಡೆ ಹೋಗಿ ನಿಲ್ಲಲು ಹೇಳಿ. ಸ್ವಲ್ಪ ಹೊತ್ತು ಬಿಟ್ಟು ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ. ಎರಡೂ ಸಲ ಒಂದೇ ಉತ್ತರ ಬಂದರೆ ಅದು ಅವನ ಉತ್ತರ. ಅನುಭವಿ ಆಟಗಾರ ಸಹಾಯಕ ಕೋಚ್ ಆಗಿ ಹೊಸಬರಿಗೆ ತೋರಿಸಿಕೊಡುವುದನ್ನು ನೋಡಿ. ಅವನ ವಾಕ್ಯಗಳು ನಿಮ್ಮವಕ್ಕಿಂತ ಅರ್ಧ ಉದ್ದ ಇರುತ್ತವೆ.

ಕೊನೆಗೆ ಒಂದು ಪುಸ್ತಕದ ವಿಷಯ. ಈ ಕ್ಷೇತ್ರದಲ್ಲಿ ಕೋಚ್‌ಗಳು ಬರುತ್ತಾರೆ, ಹೋಗುತ್ತಾರೆ. ಹೋಗುವವರ ಜೊತೆ ಕಲಿತದ್ದೆಲ್ಲ ಹೋಗುತ್ತದೆ. ಪ್ರತಿ ಆಟಗಾರನಿಗೂ ಒಂದೇ ಒಂದು ಪುಟ ಮೀಸಲಿಡಿ. ಅವನಿಗೆ ತಿಳಿಯುವ ಸೂಚನೆಯ ಪದಗಳು, ಯಾವ ಕೌಶಲಕ್ಕೆ ಈಗ ಯಾವ ಮೆಟ್ಟಿಲ ನೆರವು, ಏನಾದರೆ ಕಂಗಾಲಾಗುತ್ತಾನೆ, ಏನು ಮಾಡಿದರೆ ತಣ್ಣಗಾಗುತ್ತಾನೆ, ಅಷ್ಟೇ. ವೈದ್ಯಕೀಯ ವಿವರ ಅದರಲ್ಲಿ ಬೇಡ. ಅದನ್ನು ಬೇರೆ ಬೀಗದಲ್ಲಿಡಿ. ತಿಂಗಳಿಗೊಮ್ಮೆ ತಿದ್ದಿ, ತಾರೀಕು ಹಾಕಿ. ಹೊಸ ಕೋಚ್ ಬಂದ ದಿನ ಆ ಪುಟವನ್ನು ಆಟಗಾರನೇ ಅವರ ಕೈಗೆ ಕೊಡಲಿ. ಅದಕ್ಕೂ ಮೊದಲು ಅವನಿಗೇ ಓದಿ ಹೇಳಿ. "ಇದು ಸರಿಯಿಲ್ಲ, ನಂಗೆ ಸೀಟಿ ಅಂದ್ರೆ ಈಗ ಭಯ ಇಲ್ಲ" ಎಂದರೆ ಅಲ್ಲೇ ಹೊಡೆದುಹಾಕಿ, ಪಕ್ಕದಲ್ಲಿ ಅವನು ಹೇಳಿದ್ದನ್ನು ಬರೆಯಿರಿ.